ಜೀವಂತ, ಆದರೆ ಬಾಧಿತ

"ಒಂದಕ್ಷರ ಸುಳ್ಳಿಲ್ಲ ಸಾರ್. ಸುಳ್ಳಾಡಿದ್ರೆ ಈ ಕೈ ಇಸ್ತ್ರಿ ಪೆಟ್ಟಿಗೆಗೆ ಅಂಟ್ಕೊಂಡುಹೋಗ್ಲಿ. ಬೇಕಾದ್ರೆ ಬಿಸಿ ಇದ್ದಾಗ್ಲೇ ಮುಟ್ಟಿ ಹೇಳ್ತೀನಿ" ಎಂದು ಗೆರೆಯಣ್ಣ ಬೆಳಗಿನಿಂದ ಪ್ರಮಾಣ ಮಾಡುತ್ತಲೇ ಇದ್ದ. ಎದುರಿಗೆ ಯಾರೂ ಇರಲಿಲ್ಲ. ಸರಿಯಾಗಿ ಹೇಳಬೇಕೆಂದರೆ ಅರ್ಧ ಬಡಾವಣೆಯೇ ಇತ್ತು, ಆದರೆ ಬಟ್ಟೆಗಳಷ್ಟೇ ಬಂದಿದ್ದವು, ಜನ ಬಂದಿರಲಿಲ್ಲ. ಕೊಕ್ಕೆಗಳಲ್ಲಿ ಭುಜ ನೆಟ್ಟಗೆ ಮಾಡಿಕೊಂಡು ಸಾಲಾಗಿ ನಿಂತ ಅಂಗಿಗಳು, ತಲೆಯಿಲ್ಲದವರು ಹೇಗೆ ಕೇಳುತ್ತಾರೋ ಹಾಗೆ, ಅಂದರೆ ಬಹಳ ಗಮನವಿಟ್ಟು, ಅವನ ಮಾತು ಕೇಳುತ್ತಿದ್ದವು. "ಇವುಗಳ ಮುಂದೆ ಮಾತಾಡಿ ಅಭ್ಯಾಸ ಆದ್ರೆ ಆಫೀಸಿನೋರ ಮುಂದೆ ಸಲೀಸು, ಅಲ್ಲೂ ಇಷ್ಟೇ" ಎಂದು ಹೆಂಡತಿ ಹೇಳಿಕೊಟ್ಟಿದ್ದಳು. ಇವತ್ತು ಸಹಾಯಧನದ ಸಾಹೇಬರು ಮೂರನೆಯ ಸಲ, ಕಡೆಯ ಸಲ, ಅಂಗಡಿ ನೋಡಲು ಬರುವವರಿದ್ದರು. ಅವರು ನೋಡಿ 'ಜೀವಂತ, ಆದರೆ ಬಾಧಿತ' ಎಂದು ಬರೆದುಕೊಂಡರೆ ಲಾಂಡ್ರಿ ಉಳಿಯಿತು. ಬೇರೆ ಏನು ಬರೆದುಕೊಂಡರೂ ಸಾಯಂಕಾಲದೊಳಗೆ ಮಹಡಿಯ ಮೇಲಿನ ಅಮ್ಮಾವ್ರ ಕೈಗೆ ಬೀಗದ ಕೈ ಹೋಗಬೇಕು. ಕಟ್ಟಡ ಅವರದು. ಮಾತೂ ಅವರದೇ. "ನಾನೇನು ಕಲ್ಲೆದೆಯವಳಲ್ಲಪ್ಪ, ಸರ್ಕಾರದ ಕಾಗದ ಬಂದ್ರೆ ಇರು. ಬರದಿದ್ರೆ ನನ್ನ ತಂಗಿ ಮಗ ಮಾಸ್ಕಿನ ಅಂಗಡಿ ಹಾಕ್ತಾನಂತೆ. ಅವನಿಗೂ ಹೊಟ್ಟೆ ಇದೆ ನೋಡು, ನೀನೇ ನೋಡಿದ್ದೀಯಲ್ಲ ಎಷ್ಟು ದೊಡ್ಡದು ಅಂತ."

ಅವನಿಗೆ ಗೆರೆಯಣ್ಣ ಎಂಬ ಹೆಸರು ಬಂದದ್ದು ಪ್ಯಾಂಟಿನಿಂದ. ಅವನು ಹಾಕಿದ ಗೆರೆಯಲ್ಲಿ ತರಕಾರಿ ಹೆಚ್ಚಬಹುದೆಂದು ಜನ ಆಡಿಕೊಳ್ಳುತ್ತಿದ್ದರು. ಬ್ಯಾಂಕಿನ ಮ್ಯಾನೇಜರೊಬ್ಬರು ಅವನ ಗೆರೆಯ ಪ್ಯಾಂಟು ಹಾಕಿಕೊಂಡು ಕಾಲಮೇಲೆ ಕಾಲು ಹಾಕಲು ಹೋಗಿ ಮೊಣಕಾಲು ಕುಯ್ದುಕೊಂಡರೆಂಬ ಸುದ್ದಿಯನ್ನು ಅವನು ಅಲ್ಲಗಳೆದವನಲ್ಲ. ಅಂಥವನ ಬಾಳಿನಲ್ಲಿ ಈ ಸೋಂಕು ಬಂದು, ಜನರನ್ನೆಲ್ಲ ಮನೆಯೊಳಗೆ ಕೂರಿಸಿ, ಸೊಂಟದಿಂದ ಕೆಳಗಿನ ಮನುಷ್ಯನನ್ನೇ ರದ್ದು ಮಾಡಿಬಿಟ್ಟಿತು. ಮ್ಯಾನೇಜರರು ಈಗ ಕಂಪ್ಯೂಟರಿನ ಮುಂದೆ ಎದೆಯವರೆಗಷ್ಟೇ ಇರುತ್ತಾರೆ, ಮೇಲೊಂದು ಅಂಗಿ, ಕೆಳಗೆ ದೇವರಿಗೇ ಗೊತ್ತು. ಇಡೀ ಲೋಕ ಪ್ಯಾಂಟು ಬಿಟ್ಟು ಕೂತಿರುವಾಗ ತಾನೊಬ್ಬ ಗೆರೆ ಹಿಡಿದು ನಿಂತಿದ್ದೇನೆ ಎನಿಸಿ ಒಂದು ದಿನ ಅವನು ಅಂಗಡಿಯಲ್ಲಿ ಒಬ್ಬನೇ ನಕ್ಕದ್ದೂ ಉಂಟು. ಆ ನಗು ನಿಲ್ಲುವುದಕ್ಕೆ ಬಹಳ ಹೊತ್ತು ಹಿಡಿಯಿತು. ಕೊನೆಗೆ ಅದು ನಗುವೇನಾ ಎಂದು ಅವನಿಗೇ ಅನುಮಾನ ಬಂದು, ಮೂಗು ಒರೆಸಿಕೊಂಡು, ಹೆಂಡತಿ ಬರುವುದರೊಳಗೆ ಮುಖಕ್ಕೆ ನೀರು ಹಾಕಿಕೊಂಡಿದ್ದ.

ಸಹಾಯಧನ ಸಾರಿದ ದಿನ ಟಿವಿಯಲ್ಲಿ ಮಂತ್ರಿಗಳು ಕೈಮುಗಿದು, ಸಣ್ಣ ಅಂಗಡಿಯವರೇ ನಾಡಿನ ಬೆನ್ನೆಲುಬು ಎಂದಾಗ, "ಹೌದು ಮತ್ತೆ, ಬೆನ್ನೆಲುಬು ಕಾಣ್ಸೋದೇ ಹೊಟ್ಟೆಗಿಲ್ದಾಗ" ಎಂದಿದ್ದಳು ಹೆಂಡತಿ. ಆದರೂ ಅರ್ಜಿ ಹಾಕಿಸಿದವಳು ಅವಳೇ. ನಿಯಮ ಸರಳವಾಗಿತ್ತು. ಅಂಗಡಿ ಜೀವಂತವಾಗಿರಬೇಕು, ಮತ್ತು ಬಾಧೆಪಡುತ್ತಿರಬೇಕು. "ಸತ್ತೋರಿಗೆ ಔಷಧಿ ಕುಡ್ಸೋಕಾಗಲ್ಲ, ಗಟ್ಟಿಮುಟ್ಟಾಗಿರೋರಿಗೆ ಕುಡ್ಸೋದು ದಂಡ. ಮಧ್ಯದಲ್ಲಿರೋರು ಬೇಕು ನಮಗೆ" ಎಂದು ಸಾಹೇಬರು ಮೊದಲ ಸಲ ಬಂದಾಗ ಬಿಡಿಸಿ ಹೇಳಿದ್ದರು. ಒಳ್ಳೆಯ ಮನುಷ್ಯರು. ಬೆನ್ನಿಗೊಂದು ಚೀಲ, ಕೈಯಲ್ಲೊಂದು ಟ್ಯಾಬ್, ಮುಖಕ್ಕೆ ಒಂದರ ಮೇಲೊಂದು ಮಾಸ್ಕು. ಕಣ್ಣಷ್ಟೇ ಕಾಣುತ್ತಿತ್ತು, ಅದೂ ನಿದ್ದೆಗೆಟ್ಟದ್ದು. ಅವತ್ತು ಲಾಂಡ್ರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಗಿಲು ಹಾಕಿರೆಂಬ ಆಜ್ಞೆ ಹೊರಡುವ ಮುಂಚೆ ಒಳಗೆ ಬಂದ ಬಟ್ಟೆಗಳು ಆಮೇಲೆ ಹೊರಗೆ ಹೋಗಲೇ ಇಲ್ಲ. ಮದುವೆ ಮುಂದೆ ಹೋಯಿತು, ಸೂಟು ನಿಂತಿತು. ಕೋರ್ಟು ಮುಚ್ಚಿತು, ಗೌನು ನಿಂತಿತು. ಒಬ್ಬರು ಊರು ಬಿಟ್ಟರು, ಒಬ್ಬರು ಆಸ್ಪತ್ರೆಗೆ ಹೋದರು, ಅವರ ಅಂಗಿಗಳು ಮಾತ್ರ ಮಡಿಯಾಗಿ, ಇಸ್ತ್ರಿಯಾಗಿ, ಈಗ ಕರೆಯುತ್ತಾರೆ ಆಗ ಕರೆಯುತ್ತಾರೆ ಎಂದು ನೇತಾಡುತ್ತ ಕಾದವು. ಸಾಹೇಬರು ತಲೆ ತಗ್ಗಿಸಿ ಕೋಟುಗಳ ನಡುವೆ ನುಸುಳಿಕೊಂಡು ಬಂದು, "ಏನ್ರೀ ಇದು! ನಿಮ್ಮಷ್ಟು ವ್ಯಾಪಾರ ಈ ಬೀದೀಲಿ ಯಾರಿಗಿದೆ? ಚಪ್ಪಲಿ ಅಂಗಡಿಯೋನು ನೊಣ ಹೊಡೀತಿದ್ದಾನೆ, ನೀವು ನೋಡಿದ್ರೆ ಜಾತ್ರೆ ಮಾಡ್ಕೊಂಡು ಕೂತಿದ್ದೀರ!" ಎಂದರು. ಗೆರೆಯಣ್ಣ ಆಗ ಹೇಳಬೇಕಾಗಿದ್ದದ್ದು ಒಂದೇ ಮಾತು. ಲಾಂಡ್ರಿ ತುಂಬಿದೆ ಎಂದರೆ ಕಾಯಿಲೆ, ಹೊಟ್ಟೆ ಉಬ್ಬರಿಸಿದ ಹಾಗೆ. ಬಂದದ್ದು ಹೋಗುತ್ತಿದ್ದರೆ ಆರೋಗ್ಯ. ಈ ಕಸುಬಿನಲ್ಲಿ ಹುಟ್ಟಿದ ಯಾರಿಗೂ ಇದು ಗೊತ್ತು. ಆದರೆ ಎಷ್ಟೋ ತಿಂಗಳ ಮೇಲೆ ಒಬ್ಬ ಮನುಷ್ಯ ಅವನ ಅಂಗಡಿಯೊಳಗೆ ಬಂದು ಹೊಗಳಿದ್ದ. ಅವನ ಬಾಯಿ ತಾನಾಗಿಯೇ ತೆರೆದುಕೊಂಡು, "ಎಲ್ಲಾ ತಮ್ಮ ಆಶೀರ್ವಾದ ಸಾರ್" ಎಂದುಬಿಟ್ಟಿತು. ಸಾಹೇಬರು 'ಬಾಧೆ ಕಂಡುಬಂದಿಲ್ಲ' ಎಂದು ಒತ್ತಿಕೊಂಡು ಹೋದರು. "ಆಶೀರ್ವಾದ ಅಂದ್ರಾ?" ಹೆಂಡತಿ ತಲೆ ಚಚ್ಚಿಕೊಂಡಳು. "ಸತ್ತೆ ಅನ್ಬೇಕಿತ್ತು ರೀ! ಸತ್ತೆ ಅನ್ನೋಕೂ ಬಾಯಿ ಬರ್ಲಿಲ್ವಾ ನಿಮಗೆ?" ಆ ಆಶೀರ್ವಾದ ಎಂಬ ಶಬ್ದ ಇವತ್ತಿಗೂ ಅವನು ಅನ್ನ ನುಂಗುವಾಗ ಗಂಟಲಲ್ಲಿ ಅಡ್ಡ ನಿಲ್ಲುತ್ತದೆ. ತನ್ನನ್ನು ಕೊಂದದ್ದು ಸೋಂಕಲ್ಲ, ಸರ್ಕಾರವಲ್ಲ, ಒಂದು ಹೊಗಳಿಕೆ. ಅದೂ ಮಾಸ್ಕಿನ ಒಳಗಿಂದ ಬಂದದ್ದು, ನಿಜವಾಗಿ ಹೊಗಳಿದರೋ ಇಲ್ಲವೋ ಯಾರು ಕಂಡರು.

ಎರಡನೆಯ ಸಲಕ್ಕೆ ಗಂಡ ಹೆಂಡತಿ ಅಂಗಡಿಯನ್ನು ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ ಮಾಡಿದರು. ಬಟ್ಟೆಯೆಲ್ಲ ಮನೆಗೆ ಹೋಯಿತು. ಮನೆಯೆಂದರೆ ಒಂದೂವರೆ ಕೋಣೆ. ನೆಲದ ಮೇಲೆ ಹರಡಿ, ಮಂಚದ ಕೆಳಗೆ ತುರುಕಿ, ಕಿಟಕಿಗೆ ಕಟ್ಟಿ, ಆಮೇಲೂ ಉಳಿದದ್ದನ್ನು ಮೈಮೇಲೆ ಹಾಕಿಕೊಳ್ಳುವುದೊಂದೇ ದಾರಿಯಾಯಿತು. ಹೆಂಡತಿ ದಪ್ಪ ವಕೀಲರ ಕಪ್ಪು ಗೌನು ತೊಟ್ಟುಕೊಂಡು ಒಲೆಯ ಮುಂದೆ ನಿಂತಳು. ಆ ಗೌನು ಹಾಕಿಕೊಂಡ ಮೇಲೆ ಅವಳ ಒಂದು ವಾದಕ್ಕೂ ಗೆರೆಯಣ್ಣನಿಂದ ಉತ್ತರ ಕೊಡಲಾಗಲಿಲ್ಲ, ಮೊದಲೂ ಕೊಟ್ಟಿರಲಿಲ್ಲವೆನ್ನಿ. ಗಿರಾಕಿಯ ಬಟ್ಟೆ ಮೈಗೆ ತಾಗಿಸಬಾರದೆಂದು ಅಪ್ಪ ಹೇಳುತ್ತಿದ್ದದ್ದು ಅವನಿಗೆ ನೆನಪಿತ್ತು. ಆದರೆ ಅಪ್ಪನ ಕಾಲದಲ್ಲಿ ಗಿರಾಕಿಗಳು ಇರುತ್ತಿದ್ದರು. ಸಾಹೇಬರು ಬಂದವರು ಬರೀ ಕೊಕ್ಕೆಗಳನ್ನು ನೋಡಿ, "ಅಂಗಡಿ ಎಲ್ಲಿ?" ಎಂದರು. "ಇದೇ ಸಾರ್." "ಇದು ಗೋಡೆ ಕಣ್ರೀ." "ಹೋದ್ಸಲ ತಾವೇ ಬಂದಿದ್ರಲ್ಲ ಸಾರ್, ಬಟ್ಟೆ ಇತ್ತಲ್ಲ." "ಹೋದ್ಸಲ ಇತ್ತು. ನಾನು ಇವತ್ತು ಇರೋದನ್ನ ಬರೀಬೇಕು." ಅವರು 'ಅಸ್ತಿತ್ವದಲ್ಲಿಲ್ಲ' ಎಂದು ಒತ್ತಿ, ಬಿಸಿಲಿಗೆ ಸುಸ್ತಾಗಿ, ಕುಡಿಯಲು ನೀರು ಕೇಳಿದರು. ಅಸ್ತಿತ್ವದಲ್ಲಿಲ್ಲದವನು ನೀರು ಕೊಟ್ಟ, ಇರುವವರು ಕುಡಿದರು. ಲೋಟ ಮರಳಿಸುವಾಗ ಅವರೇ ಕನಿಕರಪಟ್ಟು, "ಇನ್ನೊಂದು ಅವಕಾಶ ಇದೆ, ಆಫೀಸಿಗೆ ಹೋಗಿ ಹೊಸಾ ಅರ್ಜಿ ಕೊಡಿ. ಅದೇ ಕೊನೇದು" ಎಂದರು.

ಆಫೀಸಿಗೆ ಹೋಗುವ ದಿನ ಹೆಂಡತಿಯೇ ಗಣಿತದ ಮೇಷ್ಟ್ರ ಬೂದಿ ಬಣ್ಣದ ಕೋಟನ್ನು ಅವನ ಹೆಗಲಿಗೇರಿಸಿದಳು. "ಅಂಗಿಗೆ ಬೆಂಚು, ಕೋಟಿಗೆ ಕುರ್ಚಿ. ಹಾಕ್ಕೊಳ್ಳಿ ಸುಮ್ನೆ." "ಸತ್ತೋರದ್ದಲ್ವೇನೇ?" "ಸತ್ತೋರು ಬೈಯಲ್ಲ. ಇರೋರದ್ದು ಹಾಕ್ಕೊಂಡ್ರೆ ಕಷ್ಟ." ಮೇಷ್ಟ್ರು ಆಸ್ಪತ್ರೆಗೆ ಹೋದ ವಾರವೇ ತೀರಿಕೊಂಡಿದ್ದರು. ಇದ್ದಾಗ ಅವರಿಗೆ ಈ ಒಂದೇ ಕೋಟು. ಶನಿವಾರ ಲಾಂಡ್ರಿಗೆ, ಸೋಮವಾರ ಶಾಲೆಗೆ. ಹೊರಗಿನ ಎರಡು ಜೇಬಿನಲ್ಲೂ ಸೀಮೆಸುಣ್ಣದ ತುಂಡುಗಳು. ಗೆರೆಯಣ್ಣ ತೆಗೆದು ಪೊಟ್ಟಣ ಕಟ್ಟಿ ಕೋಟಿನ ಜೊತೆ ವಾಪಸು ಕೊಟ್ಟರೆ, "ಎಣಿಸಿ ಇಟ್ಕೊಂಡಿದ್ದೆ ಕಣಯ್ಯ, ಸರಿಯಾಗಿದೆ" ಎಂದು ಗಂಭೀರವಾಗಿ ಹೇಳುತ್ತಿದ್ದರು. ಕೋಟು ಅವನಿಗೆ ಹೇಳಿ ಹೊಲಿಸಿದಂತೆ ಕೂತಿತು. ಆಫೀಸಿನ ಬಾಗಿಲಲ್ಲಿ ಕಾವಲಿನವನು ಎದ್ದು ನಿಂತ. ಗುಮಾಸ್ತೆ ಹೆಂಗಸು, "ಕೂತ್ಕೊಳ್ಳಿ ಸಾರ್" ಎಂದಳು. ಆ ಸಾರ್ ತನ್ನ ಮೈಮೇಲಿಂದ ಜಾರಿ ಬಿದ್ದುಹೋದೀತೆಂದು ಅವನು ಅಲ್ಲಾಡದೆ ಕೂತ. ಮೇಜಿನ ಮೇಲಿನ ಸಣ್ಣ ಯಂತ್ರ ನಾಲಿಗೆ ಚಾಚಿದ ಹಾಗೆ ಒಂದು ನುಣುಪು ಚೀಟಿ ಹೊರಗೆ ಬಿಟ್ಟಿತು. "ಇದು ಜೋಪಾನ ಸಾರ್. ಇದರ ಮೇಲಿರೋ ನಂಬರೇ ನೀವು. ನಂಬರಿಲ್ದೆ ಬಂದ್ರೆ ನಿಮ್ಮ ಹೆತ್ತತಾಯಿ ಗುರುತು ಹಿಡಿದ್ರೂ ಕಂಪ್ಯೂಟರ್ ಹಿಡಿಯಲ್ಲ." ಅವನು ಅದನ್ನು ಕೋಟಿನ ಒಳಜೇಬಿಗೆ, ಎದೆಯ ಮೇಲಕ್ಕೆ ಬರುವಂತೆ ಇಟ್ಟುಕೊಂಡ. ಮನೆಗೆ ಬಂದ ಮೇಲೂ ತೆಗೆಯಲಿಲ್ಲ. ಯಾರೂ ಕೈಹಾಕದ ಜಾಗ ಇಡೀ ಲೋಕದಲ್ಲಿ ಅದೊಂದೇ ಎನಿಸಿತ್ತು.

ಆವತ್ತು ಹಿಂತಿರುಗುವಾಗಲೇ ಅದು ನಡೆದದ್ದು. ಬೀದಿ ಖಾಲಿ. ಹಿಂದೆ ಎಲ್ಲಿಂದಲೋ, "ಮೇಷ್ಟ್ರೇ!" ಎಂದು ಯಾರೋ ಕೂಗಿದರು. ಕೂಗಿದ ಆ ಧ್ವನಿಯಲ್ಲಿದ್ದ ಸಂತೋಷವನ್ನು ಗೆರೆಯಣ್ಣ ತನ್ನ ಜನ್ಮದಲ್ಲಿ ಕೇಳಿರಲಿಲ್ಲ. ಅವನನ್ನು ಯಾರೂ ಹಾಗೆ ಕೂಗಿದ್ದಿಲ್ಲ, ಹೆಂಡತಿಯೂ, ಮದುವೆಯಾದ ಹೊಸತರಲ್ಲೂ. ಅವನು ತಿರುಗಲಿಲ್ಲ. ತಿರುಗಿದ್ದರೆ ಆ ಸಂತೋಷ ಅಲ್ಲೇ ಸತ್ತುಬೀಳುತ್ತಿತ್ತು. ಓಡಲೂ ಇಲ್ಲ. ಮೇಷ್ಟ್ರು ಮಾಡುತ್ತಿದ್ದ ಹಾಗೆ, ಎರಡು ಬೆರಳಷ್ಟೇ ಮಾಡಿ ಕೈಯನ್ನು ಕಿವಿಯ ಮಟ್ಟಕ್ಕೆ ಎತ್ತಿ, ಮುಂದೆ ನಡೆದು, ಮೂಲೆ ತಿರುಗಿಬಿಟ್ಟ. ಯಾಕೆ ಎತ್ತಿದೆ ಎಂದು ಆಮೇಲೆ ಎಷ್ಟು ಸಲ ಕೇಳಿಕೊಂಡರೂ, ಎತ್ತಿದ್ದು ನಾನಲ್ಲ, ಕೋಟು ಎನ್ನುವುದಕ್ಕಿಂತ ಒಳ್ಳೆಯ ಉತ್ತರ ಅವನಿಗೆ ಹೊಳೆದಿಲ್ಲ.

ಈಗ ಅಂಗಡಿಯನ್ನು ಅರ್ಧ ತುಂಬಿಸಬೇಕಾಗಿತ್ತು. ತುಂಬಿದ್ದಕ್ಕಿಂತಲೂ, ಖಾಲಿ ಮಾಡಿದ್ದಕ್ಕಿಂತಲೂ ಇದು ಕಷ್ಟದ ಕೆಲಸ. ಗಂಡ ಹೆಂಡತಿ ಅಂಗಡಿಯ ಹೊರಗೆ ನಿಂತು, ಸಾಹೇಬರ ಹಾಗೆ ಕಣ್ಣು ಕಿರಿದು ಮಾಡಿ ನೋಡುವರು. "ಜಾಸ್ತಿ ಆಯ್ತು, ಸುಖವಾಗಿದ್ದೀವಿ ಅನ್ಸುತ್ತೆ." ಎರಡು ಸೂಟು ತೆಗೆಯುವನು. "ಈಗ ಸತ್ತ ಹಾಗಿದೆ." ಒಂದು ಅಂಗಿ ನೇತುಹಾಕುವನು. "ಆ ಹಳದಿ ಬೇಡ ರೀ, ತುಂಬ ನಗ್ತಾ ಇದೆ." ಕೊನೆಗೆ ಉಳಿದ ಬಟ್ಟೆಗಳನ್ನು ಪುಕ್ಕಟೆಯಾಗಿ ಮನೆಮನೆಗೆ ಮುಟ್ಟಿಸಿ ಬರುವುದೆಂದಾಯಿತು. ಬಾಗಿಲು ತೆರೆದವರು ಕಡಿಮೆ. ಗೌನಿನ ವಕೀಲರು ಕಿಟಕಿಯಿಂದಲೇ, "ಅಲ್ಲೇ ಗೇಟಿಗೆ ಹಾಕಯ್ಯಾ, ಹತ್ರ ಬರ್ಬೇಡ" ಎಂದರು. ಅವನು ಗೇಟಿಗೆ ಗೌನು ಸಿಕ್ಕಿಸಿ ಹೊರಟ. ತಿರುಗಿ ನೋಡಿದಾಗ ವಕೀಲರೇ ತಮ್ಮ ಗೇಟಿನಲ್ಲಿ ನಿಂತು ತಮ್ಮನ್ನು ಒಳಗೆ ಕರೆಯಲು ಕಾಯುತ್ತಿರುವ ಹಾಗೆ ಕಂಡಿತು. ಮೇಷ್ಟ್ರ ಮನೆಗೆ ಅವನು ಕೊನೆಗೆ ಹೋದ. ಕಂಕುಳಲ್ಲಿ ಗಂಟಿತ್ತು, ಗಂಟಿನಲ್ಲಿ ಎರಡು ಅಂಗಿ ಮತ್ತು ಕೋಟು. ಚೀಟಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು, ಕೋಟು ಕೊಟ್ಟುಬಿಡಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದ. ಅಂದುಕೊಂಡದ್ದು ಬೇರೆ, ಮಾಡಿದ್ದು ಬೇರೆ. ಗಂಟು ಬಿಚ್ಚಿಯೇ ಇರಲಿಲ್ಲ.

ಮೇಷ್ಟ್ರ ಹೆಂಡತಿ ಕಿಟಕಿಗೆ ಬಂದರು. "ಯಾರು, ಗೆರೆಯಣ್ಣಾನಾ? ಒಳಗೆ ಬಾ ಅನ್ನೋ ಕಾಲ ಅಲ್ಲಪ್ಪ ಇದು, ತಪ್ಪು ತಿಳ್ಕೋಬೇಡ."

"ಪರ್ವಾಗಿಲ್ಲಮ್ಮ. ಬಟ್ಟೆ ಇತ್ತು, ಕೊಟ್ಟುಹೋಗೋಣ ಅಂತ."

ಆಕೆ ಕಿಟಕಿಯ ಸರಳು ಹಿಡಿದುಕೊಂಡರು. ಧ್ವನಿ ತಗ್ಗಿಸಿ, ಒಳಗಿರುವ ಯಾರಿಗೋ ಕೇಳಿಸಬಾರದೆಂಬಂತೆ, "ಒಂದು ವಿಷಯ ಹೇಳ್ತೀನಿ, ನೀನೂ ಹುಚ್ಚಿ ಅನ್ಬೇಡ. ನನ್ನ ಮಗಳು ಆಗ್ಲೇ ಅಂದಾಗಿದೆ. ಡ್ರಾಯಿಂಗ್ ಮೇಷ್ಟ್ರು ಇದ್ರಲ್ಲ, ಇವರ ಜೊತೆ, ಅವರು ಫೋನ್ ಮಾಡಿದ್ರು. ಇವರನ್ನ ನೋಡಿದ್ರಂತೆ" ಎಂದರು.

"ಯಾರನ್ನಮ್ಮಾ?"

"ಇವರನ್ನೇ ಕಣಪ್ಪ. ಕೋಟು ಹಾಕ್ಕೊಂಡು ಹೋಗ್ತಿದ್ರಂತೆ. ಕೂಗಿದ್ರಂತೆ ಅವರು. ಇವರು ತಿರುಗ್ಲಿಲ್ಲ, ಕೈ ಎತ್ತಿದ್ರಂತೆ. ಹೀಗೆ, ಎರಡು ಬೆರಳು. ಬೇರೆ ಯಾರು ಹಾಗೆ ಎತ್ತುತ್ತಾರೆ ಹೇಳು?" ಆಕೆ ಸರಳುಗಳ ನಡುವಿನಿಂದ ಎರಡು ಬೆರಳು ತೋರಿಸಿದರು. "ಆಸ್ಪತ್ರೆಯೋರು ನಮಗೆ ಮುಖಾನೇ ತೋರಿಸ್ಲಿಲ್ಲ ನೋಡು. ಸುತ್ತಿ ತಗೊಂಡುಹೋದ್ರು. ಯಾರನ್ನ ಸುತ್ತಿದ್ರೋ ಏನೋ. ಒಬ್ಬರ ಬದಲು ಇನ್ನೊಬ್ಬರು ಆಗಿಹೋಗುತ್ತಂತೆ ಅಲ್ಲೆಲ್ಲ. ಎಲ್ಲೋ ಇದ್ದಾರೆ, ಸೋಂಕು ನಮಗೆ ಅಂಟ್ಬಾರ್ದು ಅಂತ ಮನೆಗೆ ಬರ್ತಿಲ್ಲ ಅನ್ಸುತ್ತೆ ನನಗೆ. ಅಂಥಾ ಮನುಷ್ಯಾನೇ ಅವರು." ಬೆರಳು ಒಳಗೆಳೆದುಕೊಂಡು ಮತ್ತೆ ಸರಳು ಹಿಡಿದರು. "ಕೋಟು ನಿನ್ನ ಹತ್ರ ಹಾಕಿದ್ರೋ, ಹಾಕ್ಕೊಂಡೇ ಆಸ್ಪತ್ರೆಗೆ ಹೋಗಿದ್ರೋ, ಅದೊಂದು ನನಗೆ ನೆನಪಾಗ್ತಿಲ್ಲ ಕಣಪ್ಪ. ನಿನ್ನ ಹತ್ರ ಇದ್ರೆ ಇದೆ ಅಂದ್ಬಿಡು. ಇವತ್ತಿಗೆ ಮುಗಿದುಹೋಗ್ಲಿ."

ಗಂಟು ಅವನ ಕಂಕುಳಲ್ಲಿತ್ತು. ಬೂದಿ ಬಣ್ಣದ ತೋಳೊಂದರ ತುದಿ ಹೊರಗೆ ಇಣುಕುತ್ತಿದೆಯೇನೋ ಎನಿಸಿ ಅವನು ಮೊಣಕೈಯನ್ನು ಒತ್ತಿ ಹಿಡಿದ. "ಇಲ್ಲಮ್ಮ. ಕೋಟು ನಮ್ಮಲ್ಲಿಲ್ಲ. ಅಂಗಿ ಎರಡಿದೆ ಅಷ್ಟೇ."

"ಇಲ್ವಾ?" ಆಕೆಯ ಮುಖ ಬೆಳಗಾದಂತೆ ಅರಳಿತು. "ಸರಿಯಾಗಿ ನೋಡಿದ್ದೀಯಾ?"

"ನೋಡಿದ್ದೀನಮ್ಮ."

"ಹಾಗಿದ್ರೆ ಅಂಗಿ ಕೊಡು. ಬಂದ ಮೇಲೆ ಬೇಕಾಗುತ್ತೆ."

ಆ 'ಬಂದ ಮೇಲೆ' ಎಂಬುದು ಅವತ್ತಿನಿಂದ ಅವನ ತಲೆಯೊಳಗೆ ಒಂದು ಬಾಗಿಲಿನಂತೆ ಗಾಳಿಗೆ ಬಡಿದುಕೊಳ್ಳುತ್ತಿತ್ತು. ಕರುಣೆಯಿಂದ ಸುಳ್ಳು ಹೇಳಿದೆನೆಂದು ಅವನು ತನಗೆ ತಾನೇ ಹೇಳಿಕೊಂಡ. ಕೋಟು ಹೊರತೆಗೆದಿದ್ದರೆ ಕಾಲರಿನಲ್ಲಿ ತನ್ನ ಬೆವರಿನ ಗುರುತು ಕಾಣುತ್ತಿತ್ತಲ್ಲ, ಅದಕ್ಕೆ ಹೇಳಿದೆ ಎಂದೂ ಹೇಳಿಕೊಂಡ. ಎರಡೂ ನಿಜವೆನಿಸುತ್ತಿತ್ತು, ಅದೇ ಅವನನ್ನು ತಿನ್ನುತ್ತಿದ್ದದ್ದು. ಪೂರ್ತಿ ಕೆಟ್ಟವನಾಗಿದ್ದರೆ ನಿದ್ದೆ ಬರುತ್ತಿತ್ತು. ಮೇಷ್ಟ್ರನ್ನು ಸಾಯಿಸಿದ್ದು ಸೋಂಕು. ಸಾಯದ ಹಾಗೆ ಮಾಡಿ, ದಿನಾ ಕಿಟಕಿಗೆ ಬಂದು ನಿಲ್ಲುವಂತೆ ಆಕೆಯನ್ನು ಮಾಡಿದ್ದು ತಾನು. ಅವನೂ ಈಗ ಒಬ್ಬರನ್ನು ಜೀವಂತ, ಆದರೆ ಬಾಧಿತ ಎಂದು ಬರೆದುಬಿಟ್ಟಂತಾಗಿತ್ತು, ಅದೂ ಯಾವ ಟ್ಯಾಬೂ ಇಲ್ಲದೆ. ಕೋಟನ್ನು ತಂದು ಅಂಗಡಿಯ ಕೊನೆಯ ಕೊಕ್ಕೆಗೆ, ಬೀದಿಯಿಂದ ಕಾಣದ ಹಾಗೆ ಹಾಕಿದ. ಅರ್ಧ ಅಂಗಡಿಯ ಲೆಕ್ಕಕ್ಕೆ ಅದೂ ಸೇರಿಕೊಂಡಿತು.

ಇವತ್ತು ಪ್ರಮಾಣ ಮಾಡಿ ಮಾಡಿ ಬಾಯಿ ಒಣಗಿದ ಮೇಲೆ ಅವನ ಕಣ್ಣು ಆ ಮೂಲೆಗೆ ಹೋಯಿತು. ಗಂಟಿನಲ್ಲಿ ಮುದುರಿದ್ದ ಕೋಟು ಬೆನ್ನು ಗೂನಾಗಿಸಿಕೊಂಡು ನೇತಾಡುತ್ತಿತ್ತು, ತರಗತಿಯ ಕೊನೆಯಲ್ಲಿ ಯಾರೂ ಉತ್ತರ ಹೇಳದಿದ್ದಾಗ ಮೇಷ್ಟ್ರು ನಿಲ್ಲುತ್ತಿದ್ದಿರಬಹುದಾದ ಹಾಗೆ. ನೋಡಲಾಗಲಿಲ್ಲ ಅವನಿಗೆ. ಇಸ್ತ್ರಿ ಕಾದಿತ್ತು. ಅವನು ಕೋಟನ್ನು ಮೇಜಿನ ಮೇಲೆ ಹಾಸಿ, ರೂಢಿಯಂತೆ ಹೊರಗಿನ ಎರಡು ಜೇಬಿಗೂ ಕೈ ಹಾಕಿ ನೋಡಿ, ಒದ್ದೆ ಬಟ್ಟೆ ಹಾಸಿ, ಮೊದಲು ತೋಳು, ಆಮೇಲೆ ಬೆನ್ನು, ಆಮೇಲೆ ಎದೆ, ಹೀಗೆ ಒತ್ತುತ್ತ ಹೋದ. ಹಬೆ ಎದ್ದು ಕನ್ನಡಕ ಮಂಜಾಯಿತು. ಕೈ ತನ್ನ ಕೆಲಸ ಮಾಡುತ್ತಿತ್ತು, ತಲೆ ತನ್ನದು. ಬಂದ ಮೇಲೆ ಬೇಕಾಗುತ್ತೆ, ಬಂದ ಮೇಲೆ ಬೇಕಾಗುತ್ತೆ. ಎಡಗಡೆಯ ಎದೆ ಯಾಕೋ ಉಬ್ಬಿದಂತಿದೆ ಎನಿಸಿ, ಮೈಭಾರವನ್ನೆಲ್ಲ ಇಸ್ತ್ರಿಯ ಮೇಲೆ ಬಿಟ್ಟು, ಉಸಿರು ಹಿಡಿದು ಒತ್ತಿದ. ಎದೆ ಸಮವಾಯಿತು. ಕೋಟು ಎದ್ದು ನಿಂತಿತು, ಇನ್ನೇನು ಗಂಟೆ ಹೊಡೆಯುತ್ತದೆ, ಶಾಲೆಗೆ ಹೊರಡಬೇಕು ಎನ್ನುವ ಹಾಗೆ. ಇಷ್ಟು ಚೆನ್ನಾಗಿ ತಾನು ಯಾವತ್ತೂ ಇಸ್ತ್ರಿ ಹಾಕಿಲ್ಲವೆಂದು ಗೆರೆಯಣ್ಣನಿಗೆ ಆ ಗಳಿಗೆಯಲ್ಲಿ ಹೆಮ್ಮೆಯೇ ಆಯಿತು.

"ಹಾಂ!" ಎಂದು ಬಾಗಿಲಿನಿಂದ ಧ್ವನಿ ಬಂತು. ಸಾಹೇಬರು ಒಳಗೆ ಬರದೆ ಅಲ್ಲೇ ನಿಂತು ಮೇಲಿನಿಂದ ಕೆಳಗೆ ನೋಡಿದರು, ಎಡದಿಂದ ಬಲಕ್ಕೆ ನೋಡಿದರು. "ಇದು ನೋಡಿ ಅಂಗಡಿ ಅಂದ್ರೆ. ತುಂಬಾನೂ ಇಲ್ಲ, ಖಾಲೀನೂ ಇಲ್ಲ. ಎಷ್ಟು ಬಾಧೆ ಬೇಕೋ ಅಷ್ಟೇ ಇದೆ." ಬಾಗಿಲ ಹೊರಗೆ ನಿಂತಿದ್ದ ಹೆಂಡತಿ ಸೆರಗಿನ ಮರೆಯಿಂದ, ಹೇಳಿ, ಹೇಳಿ ಎಂದು ಸನ್ನೆ ಮಾಡಿದಳು. ಅಮ್ಮಾವ್ರು ಮೆಟ್ಟಿಲ ಮೇಲೆ ಅರ್ಧ ದಾರಿಗೆ ಇಳಿದು ಬಂದು, ಗಾಳಿ ತೆಗೆದುಕೊಳ್ಳುವವರ ಹಾಗೆ ಕೂತಿದ್ದರು. "ಒಂದಕ್ಷರ ಸುಳ್ಳಿಲ್ಲ ಸಾರ್" ಎಂದು ಗೆರೆಯಣ್ಣ ಶುರು ಮಾಡಿದ. "ಬೇಡ ಬೇಡ, ಕಾಣ್ತಾ ಇದೆಯಲ್ಲ" ಎಂದರು ಸಾಹೇಬರು. ಅಭ್ಯಾಸ ಮಾಡಿದ್ದೆಲ್ಲ ಅವನ ಬಾಯಲ್ಲೇ ಉಳಿಯಿತು. ಅವರು ಟ್ಯಾಬಿನ ಮೇಲೆ ಬೆರಳಿಟ್ಟು, "ನಂಬರ್ ಹೇಳಿ, ಒತ್ತಿಬಿಡ್ತೀನಿ" ಎಂದರು.

ಗೆರೆಯಣ್ಣ ಮೂಲೆಗೆ ಹೋಗಿ ಕೋಟಿನ ಒಳಜೇಬಿಗೆ ಕೈಯಿಟ್ಟ. ಚೀಟಿ ಇತ್ತು. ಇನ್ನೂ ಬೆಚ್ಚಗಿತ್ತು. ಚೆನ್ನಾಗಿ ಇಸ್ತ್ರಿಯಾಗಿ, ಒಂದು ಸುಕ್ಕೂ ಇಲ್ಲದೆ, ನೆಟ್ಟಗಿತ್ತು. ಮತ್ತು ಈ ತುದಿಯಿಂದ ಆ ತುದಿಯವರೆಗೆ ಕಪ್ಪಗಿತ್ತು. ಬಸ್ಸಿನ ಟಿಕೆಟ್ಟಿನ ಜಾತಿಯ ಕಾಗದ ಅದು, ಶಾಖ ತಾಗಿದರೆ ಮೈಯೆಲ್ಲ ಕಪ್ಪಾಗುವಂಥದು. ಅಕ್ಷರ ಕಪ್ಪು, ಕಾಗದವೂ ಕಪ್ಪು. ಅವನು ಅದನ್ನೇ ತಂದು ಎರಡು ಕೈಯಲ್ಲೂ ಹಿಡಿದು ಕೊಟ್ಟ.

ಸಾಹೇಬರು ತಿರುಗಿಸಿ ನೋಡಿದರು. "ಏನ್ರೀ ಇದು?"

"ಚೀಟಿ ಸಾರ್."

"ಚೀಟಿ ಸರಿ. ನಂಬರೆಲ್ಲಿ?"

"ಒಳಗಿದೆ ಸಾರ್."

ಅವರು ಅದನ್ನು ಬೆಳಕಿಗೆ ಹಿಡಿದರು. ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಆಮೇಲೆ ನಿಧಾನವಾಗಿ, ನಂಬಲಾಗದೆ, "ಸರ್ಕಾರಿ ಚೀಟಿಗೆ ಇಸ್ತ್ರಿ ಹಾಕಿದ್ದೀರೇನ್ರೀ?" ಎಂದರು.

"ಸರ್ಕಾರಾನೂ ಮಡಿ ಮಾಡ್ಬಿಟ್ಯಾ ಗೆರೆಯಣ್ಣಾ?" ಎಂದು ಮೆಟ್ಟಿಲಿನಿಂದ ಅಮ್ಮಾವ್ರು ಕೇಳಿದರು. ಯಾರೂ ನಗಲಿಲ್ಲ, ಅವರೂ ನಗಲಿಲ್ಲ.

ಸಾಹೇಬರು ಕೆಟ್ಟವರಲ್ಲವೆಂದು ಮೊದಲೇ ಹೇಳಿದೆ. ಹೆಸರಿನಲ್ಲಿ ಹುಡುಕಿ ನೋಡಿದರು; ಅವನ ಹೆಸರಿನವರು ಪರದೆ ತುಂಬ ಬಂದು, ಒತ್ತಿದಷ್ಟೂ ಬರುತ್ತಲೇ ಹೋದರು, ಎಲ್ಲರೂ ಬಾಧಿತರೇ. ಫೋನ್ ನಂಬರಿನಲ್ಲಿ ಹುಡುಕಿದರು. ಅರ್ಜಿಯಲ್ಲಿ ಗುಮಾಸ್ತೆ ಅವಸರಕ್ಕೆ ಆಫೀಸಿನ ನಂಬರನ್ನೇ ಹಾಕಿದ್ದಳು. ಹೆಂಡತಿ ಒಳಗೆ ಬಂದು, "ಆಫೀಸಿಗೆ ಈಗ್ಲೇ ಓಡಿಹೋಗಿ ಕೇಳ್ಕೊಂಡು ಬರ್ತೀವಿ ಸಾರ್, ಒಂಚೂರು ನಿಂತ್ಕೊಳ್ಳಿ" ಎಂದಳು. "ಎಲ್ಲಿ ಆಫೀಸು ತಾಯೀ? ಅಲ್ಲಿ ಮೂವರಿಗೆ ಬಂತು ಅಂತ ನಿನ್ನೆ ಸೀಲ್ ಮಾಡಿದ್ದಾರೆ. ಇದೂ ಅಷ್ಟೇ, ಸಾಯಂಕಾಲಕ್ಕೆ ತಾನಾಗೇ ಮುಚ್ಕೊಳ್ಳುತ್ತೆ" ಎಂದು ಅವರು ಟ್ಯಾಬನ್ನು ತೋರಿಸಿದರು. "ನನ್ನ ಕಣ್ಣಿಗೆ ಕಾಣ್ತಿದೆ ನಿಮ್ಮ ಕಷ್ಟ. ಆದ್ರೆ ಕಣ್ಣಿಗೆ ಕಂಡಿದ್ದನ್ನ ಎಲ್ಲಿ ಹಾಕ್ಲಿ? ಇದರಲ್ಲಿ ಜಾಗ ಬೇಕಲ್ಲ." ಅವರು ಕಪ್ಪು ಚೀಟಿಯನ್ನು ಮೇಜಿನ ಮೇಲೆ ಇಟ್ಟು, ಕೈಗೆ ಸ್ಯಾನಿಟೈಸರ್ ಸುರಿದುಕೊಂಡು, ಉಜ್ಜುತ್ತ ಬಾಗಿಲ ಕಡೆ ತಿರುಗಿದರು. ಇನ್ನೂ ಹತ್ತಾರು ಅಂಗಡಿ ಬಾಕಿಯಿತ್ತು. ಅಮ್ಮಾವ್ರು ಎದ್ದು ಸೀರೆ ಕೊಡವಿಕೊಂಡು ಒಂದು ಮೆಟ್ಟಿಲು ಕೆಳಗಿಳಿದರು. ಹೆಂಡತಿ ಗಂಡನ ಮುಖ ನೋಡಲಿಲ್ಲ. ಒಂದೊಂದಾಗಿ ಕೊಕ್ಕೆಗಳಿಂದ ಬಟ್ಟೆ ಇಳಿಸಿ ತೋಳಿನ ಮೇಲೆ ಹಾಕಿಕೊಳ್ಳತೊಡಗಿದಳು.

ಗೆರೆಯಣ್ಣ ಸಾಹೇಬರ ಹಿಂದೆಯೇ ಹೋದ. ಎಲ್ಲ ಮುಗಿದಿದೆಯೆಂದು ಅವನಿಗೆ ಗೊತ್ತಿತ್ತು. ಸಹಾಯಧನ ಕೇಳುವುದಕ್ಕೆ ಹೋದದ್ದಲ್ಲ. ಆದರೆ ಕಸುಬು ಬಾರದವನೆಂದು ಮಾತ್ರ ಅವರು ತಿಳಿದುಕೊಂಡು ಹೋಗಬಾರದು, ಅದೊಂದನ್ನು ಮಾತ್ರ ಸಹಿಸಲಾಗದು ಎನಿಸಿತು. "ಸಾರ್, ಜೇಬು ನೋಡ್ದೆ ಇಸ್ತ್ರಿ ಇಡೋನಲ್ಲ ಸಾರ್ ನಾನು" ಎಂದ. ಸಾಹೇಬರು ಬೈಕಿನ ಹತ್ತಿರ ಹೋಗಿ ಹೆಲ್ಮೆಟ್ಟಿಗೆ ತಲೆ ತೂರಿಸುತ್ತಿದ್ದರು. "ಬೇಕಾದ್ರೆ ಈ ಬೀದೀಲಿ ಯಾರನ್ನಾದ್ರೂ ಕೇಳಿ. ಗಿರಾಕಿ ಜೇಬಲ್ಲಿ ಒಂದು ಪಿನ್ನಿದ್ರೂ ತೆಗ್ದು ವಾಪಸು ಕೊಟ್ಟಿದ್ದೀನಿ. ಇವತ್ತೂ ನೋಡ್ದೆ ಸಾರ್, ಹೊರಗಿನ ಎರಡೂ ಜೇಬು ನೋಡ್ದೆ. ಮೇಷ್ಟ್ರು ಅದೆರಡನ್ನೇ ಬಳಸ್ತಿದ್ದದ್ದು. ಒಳಗಿಂದು ಅವರದ್ದಲ್ಲ ಸಾರ್, ಅದಕ್ಕೇ ಕೈ ಹೋಗ್ಲಿಲ್ಲ, ಬೇರೆಯವರ ಜೇಬಾಗಿದ್ದಿದ್ರೆ ಖಂಡಿತ ನೋಡ್ತಿದ್ದೆ, ಅದು" ಎನ್ನುವಷ್ಟರಲ್ಲಿ ಬೈಕು ಹೊರಟಿತು, "ಅದು ನನ್ನ ಜೇಬು ಸಾರ್."